ಬಿಟ್ಟುಕೊಡುತ್ತಲೇ ಬೆಳೆದ ಬ್ಯಾಟರಿ

ಬ್ಯಾಟರಿ ಕಟ್ಟುವವರಿಗೆ ಲಿಥಿಯಂನಷ್ಟು ಆಸೆ ಹುಟ್ಟಿಸುವ ಲೋಹ ಇನ್ನೊಂದಿಲ್ಲ. ಲೋಹಗಳಲ್ಲೆಲ್ಲ ಅದೇ ಹಗುರ; ಸಾಂದ್ರತೆ ನೀರಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಎಲೆಕ್ಟ್ರಾನನ್ನು ಕೊಟ್ಟುಬಿಡಲು ಅದಕ್ಕಿರುವ ಆತುರವೂ ಬೇರೆ ಲೋಹಕ್ಕಿಲ್ಲ. ಒಂದು ಗ್ರಾಂ ಲಿಥಿಯಂ ಲೆಕ್ಕದ ಪ್ರಕಾರ 3,860 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ತು ಕೊಡಬಲ್ಲದು. ನಮ್ಮ ಇನ್ವರ್ಟರುಗಳಲ್ಲಿ ಕೂತಿರುವ ಸೀಸದ ಒಂದು ಗ್ರಾಂ ಕೊಡುವುದು 259. 1817ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್ಸನ್ ಈ ಧಾತುವನ್ನು ಕಂಡುಹಿಡಿದ. 1913ರಲ್ಲಿ ಅಮೆರಿಕದ ಜಿ. ಎನ್. ಲೂಯಿಸ್ ಮತ್ತು ಕೀಸ್ ಅದರ ವೋಲ್ಟೇಜನ್ನು ಅಳೆದರು. ಅಂದರೆ ಈ ಆಸೆಗೆ ನೂರು ವರ್ಷ ದಾಟಿದೆ. ಹೀಗಿದ್ದೂ ಇಂದು ರಸ್ತೆಯಲ್ಲಿರುವ ಎಲೆಕ್ಟ್ರಿಕ್ ಕಾರುಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ಬ್ಯಾಟರಿಯಲ್ಲೂ ಲೋಹರೂಪದ ಲಿಥಿಯಂ ಇಲ್ಲ. ಇರಬಾರದು, ಎಲ್ಲಾದರೂ ಲೋಹವಾಗಿ ಕೂತಿದೆ ಎಂದಾದರೆ ಅದು ಆ ಬ್ಯಾಟರಿ ಕೆಟ್ಟಿರುವುದರ ಗುರುತು. ಲಿಥಿಯಂ ಬ್ಯಾಟರಿಯ ಐವತ್ತು ವರ್ಷದ ಚರಿತ್ರೆಯನ್ನು ಹೆಚ್ಚು ಹೆಚ್ಚು ಶಕ್ತಿ ಗೆದ್ದುಕೊಂಡ ಕಥೆಯಾಗಿ ಹೇಳುವುದು ವಾಡಿಕೆ. ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಕಾಗದದ ಮೇಲೆ ಸಿಗಬೇಕಿದ್ದ ಶಕ್ತಿಯಲ್ಲಿ ಒಂದು ಪಾಲನ್ನು ತಿಳಿದೇ ಬಿಟ್ಟುಕೊಟ್ಟವರು ಮಾರುಕಟ್ಟೆ ಮುಟ್ಟಿದರು. ಪೂರ್ತಿ ಬೇಕೆಂದು ಹಟ ಹಿಡಿದವರ ಪ್ರಯತ್ನ ಬೆಂಕಿಯಲ್ಲೋ ಸಾಲದಲ್ಲೋ ಕೊನೆಯಾಯಿತು.

ಮೊದಲ ದೊಡ್ಡ ಪ್ರಯತ್ನ ನಡೆದದ್ದು ಒಂದು ತೈಲ ಕಂಪನಿಯೊಳಗೆ. ತೈಲ ಒಂದಲ್ಲ ಒಂದು ದಿನ ಮುಗಿಯುತ್ತದೆಂಬ ಆತಂಕದಲ್ಲಿ ಎಕ್ಸಾನ್ ಬೇರೆ ಇಂಧನಗಳತ್ತ ಕಣ್ಣು ಹಾಯಿಸಿತ್ತು. 1972ರಲ್ಲಿ ಅದು ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಬ್ರಿಟಿಷ್ ರಸಾಯನಜ್ಞ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್‌ರನ್ನು ಕರೆಸಿಕೊಂಡಿತು. ಮರುವರ್ಷದ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದಾಗ ಆ ಆತಂಕ ಪೆಟ್ರೋಲ್ ಬಂಕಿನ ಮುಂದಿನ ಸಾಲಾಗಿ ಎಲ್ಲರಿಗೂ ಕಾಣಿಸಿತು. ವಿಟಿಂಗ್‌ಹ್ಯಾಮ್ ಕೈಗೆತ್ತಿಕೊಂಡದ್ದು ಟೈಟಾನಿಯಂ ಡೈಸಲ್ಫೈಡ್ ಎಂಬ ಪದರ ಪದರವಾದ ವಸ್ತು. ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಟ್ಟು ತೆಗೆದರೆ ಪುಸ್ತಕ ಹೇಗೆ ಕೆಡದೋ ಹಾಗೆ ಲಿಥಿಯಂ ಅಯಾನುಗಳು ಈ ಪದರಗಳ ನಡುವೆ ಸೇರಿಕೊಂಡು, ಮತ್ತೆ ಹೊರಬಂದು, ವಸ್ತುವಿನ ಕಟ್ಟಡವನ್ನು ಹಾಗೆಯೇ ಉಳಿಸುತ್ತವೆ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿ ಸಾಧ್ಯವಾದದ್ದು ಈ ಒಂದು ತಿಳಿವಿನಿಂದ. ಇನ್ನೊಂದು ಬದಿಯಲ್ಲಿ, ಋಣ ವಿದ್ಯುದ್ವಾರವಾಗಿ, ಅವರು ಇಟ್ಟದ್ದು ಶುದ್ಧ ಲಿಥಿಯಂ ಲೋಹ. ಎರಡು ವೋಲ್ಟಿಗೆ ತುಸು ಮೇಲಿನ ಸೆಲ್ ಸಿದ್ಧವಾಯಿತು. 1976ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. 1977ರಲ್ಲಿ ಶಿಕಾಗೊದ ಎಲೆಕ್ಟ್ರಿಕ್ ವಾಹನ ಪ್ರದರ್ಶನದಲ್ಲಿ ಎಕ್ಸಾನ್ ತನ್ನ ದೊಡ್ಡ ಸೆಲ್‌ಗಳನ್ನು ಜನರ ಮುಂದಿಟ್ಟಿತು.

ಪ್ರಯೋಗಾಲಯದ ಒಳಗಿನ ಸ್ಥಿತಿ ಅಷ್ಟು ಸುಖವಾಗಿರಲಿಲ್ಲ. ಲಿಥಿಯಂ ಲೋಹವನ್ನು ಕರಗಿಸಿ ಮತ್ತೆ ಅದೇ ಜಾಗದಲ್ಲಿ ಕೂರಿಸುವಾಗ ಅದು ಸಮತಟ್ಟಾಗಿ ಕೂರುವುದಿಲ್ಲ. ಪಾಚಿಯಂತೆ ಉಬ್ಬುತ್ತದೆ, ಸೂಜಿಮೊನೆಯ ಕುಡಿಗಳಾಗಿ ಚಾಚುತ್ತದೆ. ಕುಡಿ ನಡುವಿನ ಪೊರೆಯನ್ನು ಚುಚ್ಚಿ ಆಚೆ ಬದಿಯನ್ನು ಮುಟ್ಟಿದರೆ ಶಾರ್ಟ್ ಸರ್ಕಿಟ್. ಒಳಗಿರುವ ದ್ರಾವಣ ಹೊತ್ತಿಕೊಳ್ಳುವಂಥದ್ದು. ಬೆಂಕಿ ಆರಿಸಲು ಅಗ್ನಿಶಾಮಕ ದಳದವರು ಪದೇ ಪದೇ ಬರಬೇಕಾಯಿತು. ಕೊನೆಗೆ ಅವರು ಲಿಥಿಯಂ ಬೆಂಕಿಗೆ ಬೇಕಾದ ವಿಶೇಷ ರಾಸಾಯನಿಕಗಳ ಖರ್ಚನ್ನು ಪ್ರಯೋಗಾಲಯದಿಂದಲೇ ವಸೂಲಿ ಮಾಡುವುದಾಗಿ ಬೆದರಿಸಿದರು. ವಿಟಿಂಗ್‌ಹ್ಯಾಮ್ ಲಿಥಿಯಂಗೆ ಅಲ್ಯುಮಿನಿಯಂ ಬೆರೆಸಿದರು. ಅಪಾಯ ತಗ್ಗಿತು, ವೋಲ್ಟೇಜೂ ಸ್ವಲ್ಪ ತಗ್ಗಿತು. ಬಿಟ್ಟುಕೊಡುವ ಕೆಲಸ ಶುರುವಾದದ್ದು ಇಲ್ಲಿಂದ. ಕಾರಿಗೆಂದು ಹೊರಟ ಆ ಬ್ಯಾಟರಿ ಬಳಕೆಗೆ ಬಂದದ್ದು ಕೈಗಡಿಯಾರದಲ್ಲಿ, ಅದೂ ಸಣ್ಣ ಪ್ರಮಾಣದಲ್ಲಿ.

ಎಕ್ಸಾನಿನ ಸೋಲಿಗೆ ಲಿಥಿಯಂ ಕಾರಣವಲ್ಲ, ತೈಲದ ಬೆಲೆ ಕಾರಣ ಎಂದು ವಾದಿಸುವವರಿದ್ದಾರೆ. ವಾದ ಹಗುರವಾದುದಲ್ಲ. 1980ರ ದಶಕದ ಆರಂಭದಲ್ಲಿ ತೈಲ ಅಗ್ಗವಾದೊಡನೆ ಕಂಪನಿ ಈ ಕೆಲಸವನ್ನು ಕೈಬಿಟ್ಟದ್ದು ನಿಜ. ಇನ್ನೂ ಹತ್ತು ವರ್ಷ ದುಡ್ಡು ಹಾಕಿದ್ದರೆ ಲೋಹದ ಬ್ಯಾಟರಿ ಪಳಗುತ್ತಿತ್ತೋ ಏನೋ ಎಂಬ ಪ್ರಶ್ನೆಗೆ ಎಕ್ಸಾನಿನ ಕಡತ ಉತ್ತರ ಕೊಡುವುದಿಲ್ಲ. ಉತ್ತರ ಸಿಗುವುದು ಕೆನಡಾದಲ್ಲಿ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ರೂಡಿ ಹೇರಿಂಗ್ ಅವರ ಸಂಶೋಧನೆಯ ಮೇಲೆ 1977ರಲ್ಲಿ ಹುಟ್ಟಿದ ಮೋಲಿ ಎನರ್ಜಿ ಎಂಬ ಕಂಪನಿ ಮಾಲಿಬ್ಡಿನಂ ಡೈಸಲ್ಫೈಡ್ ಮತ್ತು ಲಿಥಿಯಂ ಲೋಹದ ಸೆಲ್ ಮಾಡಿತು. ಇವರಿಗೆ ತೈಲದ ಬೆಲೆಯ ಹಂಗಿರಲಿಲ್ಲ. ಇವರ ಗಿರಾಕಿ ಕಾರಲ್ಲ, ಕೈಯಲ್ಲಿ ಹಿಡಿಯುವ ಉಪಕರಣಗಳು. ಕಾರ್ಖಾನೆಯಿತ್ತು, ಬಂಡವಾಳವಿತ್ತು, ಜಪಾನಿನಂಥ ಮಾರುಕಟ್ಟೆಯಿತ್ತು. 1989ರಲ್ಲಿ ಜಪಾನಿನ ಎನ್‌ಟಿಟಿ ಕಂಪನಿಯ ಮೊಬೈಲ್ ಫೋನಿನೊಳಗೆ ಇವರ ಬ್ಯಾಟರಿಗೆ ಬೆಂಕಿ ಹತ್ತಿತು. ಫೋನುಗಳನ್ನು ವಾಪಸು ಪಡೆಯಬೇಕಾಯಿತು. ಮೋಲಿ ದಿವಾಳಿಯ ಅಂಚಿಗೆ ಬಂದು ಜಪಾನೀಯರ ಕೈ ಸೇರಿತು. ಒಂದೊಂದು ಬಾರಿ ಚಾರ್ಜ್ ಆದಾಗಲೂ ಲೋಹ ಹೆಚ್ಚು ಹೆಚ್ಚು ಪಾಚಿಗಟ್ಟಿ, ಅದರ ಮೇಲ್ಮೈ ವಿಸ್ತಾರ ಹೆಚ್ಚಿ, ಶಾಖ ತಡೆದುಕೊಳ್ಳುವ ಶಕ್ತಿ ಕುಂದುತ್ತದೆ. ಹೊಸದಾಗಿದ್ದಾಗ ಪರೀಕ್ಷೆ ಗೆದ್ದ ಸೆಲ್ ಹಳತಾದಾಗ ಹೊತ್ತಿಕೊಳ್ಳುತ್ತದೆ. ಹಣ, ಮಾರುಕಟ್ಟೆ ಎರಡೂ ಇದ್ದಾಗಲೂ ಹೀಗಾಯಿತೆಂದರೆ ತಪ್ಪನ್ನು ತೈಲ ವ್ಯಾಪಾರಿಯ ತಲೆಗೆ ಕಟ್ಟಿ ಸುಮ್ಮನಾಗಲು ಬರುವುದಿಲ್ಲ.

ಈ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇರೊಂದು ದಾರಿ ತೆರೆದಿತ್ತು. 1976ರಲ್ಲಿ ಅಮೆರಿಕದಿಂದ ಆಕ್ಸ್‌ಫರ್ಡ್‌ಗೆ ಬಂದ ಜಾನ್ ಗುಡ್‌ಇನಫ್, ಸಲ್ಫೈಡಿನ ಜಾಗದಲ್ಲಿ ಆಕ್ಸೈಡ್ ಇಟ್ಟರೆ ವೋಲ್ಟೇಜ್ ಏರುತ್ತದೆಂದು ಲೆಕ್ಕ ಹಾಕಿದರು. ಟೋಕಿಯೊದಿಂದ ಬಂದಿದ್ದ ಮಿಝುಶಿಮಾ ಮೊದಲಾದವರ ಜೊತೆ 1980ರಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಮುಂದಿಟ್ಟರು. ನಾಲ್ಕು ವೋಲ್ಟ್! ಇದು ಬಿಟ್ಟುಕೊಟ್ಟದ್ದಲ್ಲ, ಒಂದೇ ನೆಗೆತಕ್ಕೆ ಹೆಚ್ಚುಕಡಿಮೆ ಇಮ್ಮಡಿ ಗೆದ್ದದ್ದು ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಕು. ಆದರೆ ಆ ವಸ್ತು ಕೆಲಸ ಮಾಡುವ ರೀತಿಯನ್ನೂ ನೋಡಬೇಕು. ಅದರಲ್ಲಿರುವ ಲಿಥಿಯಂ ಪೂರ್ತಿ ಹೊರಬಂದರೆ ಗ್ರಾಂಗೆ 274 ಮಿಲಿಆಂಪಿಯರ್-ಗಂಟೆ ಸಿಗಬೇಕು. ಅರ್ಧಕ್ಕಿಂತ ಹೆಚ್ಚು ತೆಗೆದರೆ ಪದರಗಳ ಕಟ್ಟು ಸಡಿಲಗೊಳ್ಳುತ್ತದೆ. ಆದ್ದರಿಂದ ಸುಮಾರು 140ಕ್ಕೆ ಕೈ ತಡೆದು, ಉಳಿದರ್ಧವನ್ನು ಮುಟ್ಟದೆ ಬಿಡುವುದೇ ರೂಢಿಯಾಯಿತು. ಇನ್ನೂ ಮುಖ್ಯವಾದದ್ದು: ಈ ವಸ್ತು ತನ್ನೊಳಗೇ ಲಿಥಿಯಂ ಹೊತ್ತುಕೊಂಡು ಬರುತ್ತದೆ. ಹಾಗಾಗಿ ಎದುರು ಬದಿಯಲ್ಲಿ ಲಿಥಿಯಂ ಲೋಹ ಇಡುವ ಅಗತ್ಯವೇ ಇಲ್ಲ. ಬರಿಯ ಖಾಲಿ ಮನೆಯೊಂದಿದ್ದರೆ ಸಾಕು. ಆಕ್ಸ್‌ಫರ್ಡ್ ಇದಕ್ಕೆ ಪೇಟೆಂಟ್ ಪಡೆಯುವ ಆಸಕ್ತಿಯನ್ನೂ ತೋರಲಿಲ್ಲ. ಹಾರ್ವೆಲ್‌ನ ಪರಮಾಣು ಸಂಶೋಧನಾ ಸಂಸ್ಥೆ ಪೇಟೆಂಟ್ ಮಾಡಿಸಿತು, ಗುಡ್‌ಇನಫ್ ಹಕ್ಕು ಬರೆದುಕೊಟ್ಟರು. ಈ ವಿವರವನ್ನು ಅನ್ಯಾಯದ ಕಥೆಯಾಗಿ ಹೇಳುವವರೇ ಹೆಚ್ಚು. ಖಾಲಿ ಮನೆಯ ಬೆಲೆ ಆಗ ಪಶ್ಚಿಮದಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ ಎಂಬುದೇ ಅದರಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವ ಸಂಗತಿ.

ತಿಳಿದದ್ದು ಜಪಾನಿನ ಅಸಾಹಿ ಕಸೈ ಕಂಪನಿಯ ಅಕಿರಾ ಯೋಶಿನೊಗೆ. ಅವರು ಮೊದಲು ಪಾಲಿಅಸಿಟಿಲೀನ್ ಎಂಬ ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕನ್ನು, ಆಮೇಲೆ ತೈಲ ಸಂಸ್ಕರಣೆಯಲ್ಲಿ ಉಳಿಯುವ ಪೆಟ್ರೋಲಿಯಂ ಕೋಕನ್ನು ಋಣ ವಿದ್ಯುದ್ವಾರವಾಗಿ ಇಟ್ಟು 1985ರ ಹೊತ್ತಿಗೆ ಇಂದಿನ ಲಿಥಿಯಂ-ಅಯಾನ್ ಬ್ಯಾಟರಿಯ ರೂಪ ಕಟ್ಟಿದರು. ಲಿಥಿಯಂ ಈಗ ಲೋಹವಾಗಿ ಎಲ್ಲೂ ಇಲ್ಲ, ಅಯಾನಾಗಿ ಅಲ್ಲಿಂದಿಲ್ಲಿಗೆ ಓಡಾಡುತ್ತದೆ, ಅಷ್ಟೆ. ಮರುವರ್ಷ ಸಿಡಿಮದ್ದು ಪರೀಕ್ಷಿಸುವ ಜಾಗವನ್ನು ಎರವಲು ಪಡೆದು ತಮ್ಮ ಸೆಲ್‌ನ ಮೇಲೆ ಕಬ್ಬಿಣದ ಭಾರ ಬೀಳಿಸಿದರು. ಏನೂ ಆಗಲಿಲ್ಲ. ಲಿಥಿಯಂ ಲೋಹದ ಬ್ಯಾಟರಿಯ ಮೇಲೆ ಅದನ್ನೇ ಬೀಳಿಸಿದಾಗ ಸಿಡಿಯಿತು. ಲಿಥಿಯಂ-ಅಯಾನ್ ಬ್ಯಾಟರಿ ಹುಟ್ಟಿದ ಗಳಿಗೆ ಅದೇ ಎಂದು ಯೋಶಿನೊ ನಂತರ ಹೇಳಿಕೊಂಡರು. ಎಷ್ಟು ಶಕ್ತಿ ಹಿಡಿಯಿತು ಎಂಬ ಅಳತೆಗಿಂತ ಒಂದು ಪೆಟ್ಟಿಗೆ ಏನೂ ಆಗಲಿಲ್ಲ ಎಂಬುದನ್ನು ಅವರು ಆ ಗಳಿಗೆಗೆ ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಇಲ್ಲಿ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಇಂಗಾಲದ ರೂಪಗಳಲ್ಲಿ ಮುಂದೆ ಎಲ್ಲರೂ ಒಪ್ಪಿಕೊಂಡ ಗ್ರಾಫೈಟ್ ಗ್ರಾಂಗೆ 372 ಮಿಲಿಆಂಪಿಯರ್-ಗಂಟೆ ಹಿಡಿಯುತ್ತದೆ, ಲೋಹ ಹಿಡಿಯುವುದರ ಹತ್ತನೇ ಒಂದು ಪಾಲು. ಕಾಗದದ ಮೇಲೆ ಇದು ಭಾರೀ ನಷ್ಟ. ನಿಜದಲ್ಲಿ ಅಷ್ಟಿಲ್ಲ. ಯಾಕೆಂದರೆ ಲೋಹದ ಸೆಲ್‌ನಲ್ಲಿ ಪ್ರತಿ ಚಾರ್ಜಿನಲ್ಲೂ ಒಂದಿಷ್ಟು ಲಿಥಿಯಂ ದ್ರಾವಣದೊಡನೆ ಸೇರಿ ನಿಷ್ಪ್ರಯೋಜಕವಾಗುತ್ತದೆ. ನೂರಾರು ಬಾರಿ ಬಾಳಬೇಕಾದರೆ ಬೇಕಾದ್ದಕ್ಕಿಂತ ಹಲವು ಪಟ್ಟು ಲೋಹ ಮೊದಲೇ ತುಂಬಿಡಬೇಕು. 3,860 ಎಂಬ ಸಂಖ್ಯೆ ಯಾವ ಲೋಹದ ಸೆಲ್‌ನಲ್ಲೂ ಹಾಗೆಯೇ ದಕ್ಕಿರಲಿಲ್ಲ. ಯೋಶಿನೊ ಬಿಟ್ಟುಕೊಟ್ಟದ್ದರಲ್ಲಿ ದೊಡ್ಡ ಭಾಗ ಎಂದೂ ಕೈಗೆ ಬಾರದ ಶಕ್ತಿ. ಪ್ರತಿಯಾಗಿ ಬಂದದ್ದು ಬಾಳಿಕೆ. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಮೊದಲ ಲಿಥಿಯಂ-ಅಯಾನ್ ಸೆಲ್ ಕಿಲೋಗೆ ಸುಮಾರು 80 ವಾಟ್-ಗಂಟೆ ಹಿಡಿಯುತ್ತಿತ್ತು. ವಿಡಿಯೊ ಕ್ಯಾಮೆರಾದೊಳಗೆ ಕೂತು ಲೋಕ ಸುತ್ತಿತು. ಸೋನಿಗೆ ಇದು ಸಾಧ್ಯವಾದದ್ದು ರಸಾಯನಶಾಸ್ತ್ರದಿಂದ ಮಾತ್ರವಲ್ಲ. ತೆಳು ಹಾಳೆಯ ಮೇಲೆ ಪುಡಿಯ ಮಿಶ್ರಣವನ್ನು ಒಂದೇ ದಪ್ಪಕ್ಕೆ ಲೇಪಿಸುವ ವಿದ್ಯೆ ಕ್ಯಾಸೆಟ್ ಟೇಪ್ ಮಾಡುತ್ತಿದ್ದ ಆ ಕಂಪನಿಗೆ ಮೊದಲೇ ಕರಗತವಾಗಿತ್ತು. ಸಿ.ಡಿ. ಬಂದು ಕ್ಯಾಸೆಟ್ಟಿನ ಕಾಲ ಮುಗಿಯತೊಡಗಿದಾಗ ಆ ಕೈಗಳಿಗೆ ಹೊಸ ಕೆಲಸ ಸಿಕ್ಕಿತು.

ಕಾರಿಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. 1990ರ ದಶಕದ ಕೊನೆಯಲ್ಲಿ ನಿಸ್ಸಾನ್ ಸೋನಿಯ ಬ್ಯಾಟರಿ ಹಾಕಿ ಆಲ್ಟ್ರಾ ಎಂಬ ಕಾರು ಮಾಡಿತಾದರೂ ತಯಾರಾದದ್ದು ಕೆಲವು ನೂರರೊಳಗೆ. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ರೇವಾ ಕಾರು ಹೊರಬಂದಾಗ ಲಿಥಿಯಂ-ಅಯಾನ್‌ಗೆ ಹತ್ತು ವರ್ಷ ತುಂಬಿತ್ತು. ರೇವಾ ಓಡಿದ್ದು ಮಾತ್ರ ಸೀಸ-ಆಮ್ಲದ ಬ್ಯಾಟರಿಯ ಮೇಲೆ, ಒಂದು ಚಾರ್ಜಿಗೆ 80 ಕಿಲೋಮೀಟರು. ಬೆಲೆ ಕೈಗೆಟುಕುವಂತಿರಬೇಕಾದ ಪುಟ್ಟ ಕಾರಿಗೆ ಬೇರೆ ದಾರಿ ಇರಲಿಲ್ಲ. ಲಿಥಿಯಂ ರೇವಾ ಬಂದದ್ದು 2009ರಲ್ಲಿ. ಈ ನಡುವೆ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಕಾರಿಗೆಂದೇ ದೊಡ್ಡ ಸೆಲ್ ಮಾಡುವ ಹಟ ಬಿಟ್ಟು, ಲ್ಯಾಪ್‌ಟಾಪಿಗೆಂದು ಲಕ್ಷಗಟ್ಟಲೆ ತಯಾರಾಗುತ್ತಿದ್ದ 18 ಮಿಲಿಮೀಟರ್ ಅಡ್ಡಗಲ, 65 ಮಿಲಿಮೀಟರ್ ಉದ್ದದ ಡಬ್ಬಿಗಳನ್ನೇ ಸಾವಿರಗಟ್ಟಲೆ ಜೋಡಿಸಿದರು. 2003ರ ಟಿ-ಝೀರೊ ಕಾರಿನಲ್ಲಿ 6,800 ಸೆಲ್. 2008ರ ಟೆಸ್ಲಾ ರೋಡ್‌ಸ್ಟರಿನಲ್ಲಿ 6,831. ರೋಡ್‌ಸ್ಟರಿನ ಬ್ಯಾಟರಿಯ ತೂಕ 450 ಕಿಲೋ, ಹಿಡಿದಿಡುವ ಶಕ್ತಿ 53 ಕಿಲೋವಾಟ್-ಗಂಟೆ. ಒಂದೊಂದು ಸೆಲ್ ಸುಮಾರು 45 ಗ್ರಾಂ ಎಂದರೆ ಸೆಲ್‌ಗಳ ಒಟ್ಟು ತೂಕ 300 ಕಿಲೋ ಆಸುಪಾಸು. ಉಳಿದ ಮೂರನೇ ಒಂದು ಪಾಲು ಪೆಟ್ಟಿಗೆ, ತಂಪು ದ್ರಾವಣದ ಕೊಳವೆ, ಒಂದು ಸೆಲ್ ಕೆಟ್ಟರೆ ಪಕ್ಕದ್ದಕ್ಕೆ ಬೆಂಕಿ ಹಬ್ಬದಂತೆ ಮಾಡಿದ ಏರ್ಪಾಡು. ಸೆಲ್‌ನಲ್ಲಿ ಗೆದ್ದ ಶಕ್ತಿಯನ್ನು ಪೆಟ್ಟಿಗೆಯಲ್ಲಿ ಬಿಟ್ಟುಕೊಟ್ಟರು ಎಂದರೆ ಅತಿಶಯವಲ್ಲ. 2006ರಲ್ಲಿ ಡೆಲ್ ಕಂಪನಿ ಸೋನಿ ಸೆಲ್‌ಗಳಿದ್ದ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ವಾಪಸು ಕರೆದದ್ದನ್ನು ಕಂಡವರಿಗೆ ಆ ನೂರೈವತ್ತು ಕಿಲೋ ದಂಡವೆನಿಸಿರಲಾರದು.

ಬಿಟ್ಟುಕೊಡುವುದರ ಅತ್ಯಂತ ದೊಡ್ಡ ಉದಾಹರಣೆ ಕಬ್ಬಿಣದ್ದು. 1997ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಅಕ್ಷಯ ಪಾಢಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಲಿಥಿಯಂ ಐರನ್ ಫಾಸ್ಫೇಟ್ ಕುರಿತು ಪ್ರಬಂಧ ಪ್ರಕಟಿಸಿದರು. ಕೋಬಾಲ್ಟಿಗಿಂತ ವೋಲ್ಟೇಜ್ ಕಡಿಮೆ, ಸುಮಾರು 3.4. ವಿದ್ಯುತ್ ಹರಿವೂ ನಿಧಾನ. ಕಡಿಮೆ ರಭಸದ ಕೆಲಸಗಳಿಗೆ ಒಳ್ಳೆಯದೆಂದು ಅವರೇ ಬರೆದಿದ್ದರು. ಆದರೆ ಇದರಲ್ಲಿ ಆಮ್ಲಜನಕ ರಂಜಕದೊಡನೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ. ಎಷ್ಟು ಕಾದರೂ ಸುಲಭಕ್ಕೆ ಬಿಡುಗಡೆಯಾಗಿ ಬೆಂಕಿಗೆ ಉಸಿರು ಕೊಡುವುದಿಲ್ಲ. ಕಬ್ಬಿಣ, ರಂಜಕ ಎರಡೂ ಅಗ್ಗ. ಕಣಗಳನ್ನು ಸಣ್ಣದಾಗಿಸಿ ಮೇಲೆ ಇಂಗಾಲ ಸವರುವ ಉಪಾಯದಿಂದ ಹರಿವಿನ ಕುಂದು ನೀಗಿತು. ಆಮೇಲೂ ಪಶ್ಚಿಮದ ಕಾರು ಕಂಪನಿಗಳು ಇದನ್ನು ಬಡವರ ರಸಾಯನವೆಂಬಂತೆ ನೋಡಿದವು. ಇದನ್ನೇ ನಂಬಿದ ಅಮೆರಿಕದ ಎ123 ಕಂಪನಿ 2012ರಲ್ಲಿ ದಿವಾಳಿಯಾಗಿ ಚೀನಾದ ವಾಂಕ್ಸಿಯಾಂಗ್ ಪಾಲಾಯಿತು. ಚೀನಾದ ಕಂಪನಿಗಳು ಬಿಡಲಿಲ್ಲ. 2020ರಲ್ಲಿ ಬಿವೈಡಿ ಇದೇ ವಸ್ತುವಿನಿಂದ ಉದ್ದನೆಯ ಪಟ್ಟಿಯಾಕಾರದ ‘ಬ್ಲೇಡ್’ ಸೆಲ್ ಮಾಡಿ, ನಡುವಿನ ಸಣ್ಣ ಪೆಟ್ಟಿಗೆಗಳನ್ನು ಕಿತ್ತುಹಾಕಿ, ಸೆಲ್‌ಗಳನ್ನು ನೇರವಾಗಿ ದೊಡ್ಡ ಪೆಟ್ಟಿಗೆಯಲ್ಲಿ ಜೋಡಿಸಿತು. ಹೊತ್ತಿಕೊಳ್ಳುವ ಭಯ ಕಡಿಮೆಯಾದ್ದರಿಂದ ಒತ್ತೊತ್ತಾಗಿ ತುಂಬಬಹುದು. ರೋಡ್‌ಸ್ಟರ್ ಪೆಟ್ಟಿಗೆಯಲ್ಲಿ ಕಳೆದುಕೊಂಡದ್ದನ್ನು ಕಬ್ಬಿಣದ ಬ್ಯಾಟರಿ ಪೆಟ್ಟಿಗೆಯಲ್ಲೇ ಗಳಿಸಿತು.

ಈ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪವೊಂದಿದೆ. 80 ವಾಟ್-ಗಂಟೆಯಿಂದ ಹೊರಟ ಸೆಲ್ ಇಂದು ನಿಕಲ್ ಹೆಚ್ಚಿರುವ ರೂಪದಲ್ಲಿ ಕಿಲೋಗೆ 250 ದಾಟಿದೆ, ಮೂರು ಪಟ್ಟು. ಇದು ಗಳಿಕೆಯಲ್ಲದೆ ಇನ್ನೇನು? ಗಳಿಕೆಯೇ ಸರಿ. ಆದರೆ ಬಹುಪಾಲು ಬಂದದ್ದು ಎಲ್ಲಿಂದ? ಒಂದೇ ಅಳತೆಯ ಡಬ್ಬಿ 1990ರ ದಶಕದ ಆರಂಭದಲ್ಲಿ ಸುಮಾರು ಒಂದು ಆಂಪಿಯರ್-ಗಂಟೆ ಹಿಡಿಯುತ್ತಿತ್ತು, ಇಪ್ಪತ್ತು ವರ್ಷದಲ್ಲಿ 3.4ಕ್ಕೆ ಏರಿತು. ಪೊರೆ ತೆಳುವಾಯಿತು, ತಾಮ್ರದ ಹಾಳೆ ತೆಳುವಾಯಿತು, ಲೇಪ ದಟ್ಟವಾಯಿತು, ಕೋಕ್ ಹೋಗಿ ಗ್ರಾಫೈಟ್ ಬಂತು. ವರ್ಷಕ್ಕಿಷ್ಟು ಎಂದು ಕಾರ್ಖಾನೆಯ ನೆಲದ ಮೇಲೆ ಕೂಡಿಬಂದ ಉಳಿತಾಯ ಇದು. ಸುರಕ್ಷಿತವಾದೊಂದು ರಚನೆ ಮೊದಲು ಕೈಗೆ ಬಂದದ್ದರಿಂದ ಕೋಟಿಗಟ್ಟಲೆ ಸೆಲ್ ಮಾಡಲು ಸಾಧ್ಯವಾಯಿತು, ಕೋಟಿಗಟ್ಟಲೆ ಮಾಡಿದ್ದರಿಂದ ಈ ಉಳಿತಾಯ ಕೂಡಿತು, ಬೆಲೆಯೂ ಇಳಿಯಿತು. 2010ರಲ್ಲಿ ಕಿಲೋವಾಟ್-ಗಂಟೆಗೆ ಸಾವಿರ ಡಾಲರ್ ಮೀರಿದ್ದ ಬ್ಯಾಟರಿ 2024ಕ್ಕೆ ಸುಮಾರು 115 ಡಾಲರಿಗೆ ಬಂದು ನಿಂತಿತು. ರಸಾಯನದಿಂದಲೇ ಬಂದ ಪಾಲು ನಿಕಲ್‌ನದು. ಅದು ಬೆಲೆ ಕೇಳದೆ ಬರಲಿಲ್ಲ; ನಿಕಲ್ ಹೆಚ್ಚಿದಷ್ಟೂ ಚಾರ್ಜಾದ ವಸ್ತು ಕಡಿಮೆ ಬಿಸಿಗೇ ಆಮ್ಲಜನಕ ಬಿಡುತ್ತದೆ, ತಯಾರಿಕೆಯ ಸಣ್ಣ ತಪ್ಪನ್ನೂ ಕ್ಷಮಿಸುವುದಿಲ್ಲ. 2021ರಲ್ಲಿ ಶೆವ್ರೊಲೆ ಬೋಲ್ಟ್ ಕಾರುಗಳನ್ನು, ಅಲ್ಲಿಯವರೆಗೆ ತಯಾರಾದ ಅಷ್ಟನ್ನೂ, ಬ್ಯಾಟರಿಯ ಬೆಂಕಿಯ ಕಾರಣಕ್ಕೆ ವಾಪಸು ಕರೆಯಬೇಕಾಯಿತು.

ಲೋಹದ ಲಿಥಿಯಂ ಕಾರಿನಲ್ಲಿ ಓಡಿಯೇ ಇಲ್ಲ ಎಂದೂ ಹೇಳುವಂತಿಲ್ಲ. 2011ರಿಂದ 2018ರವರೆಗೆ ಪ್ಯಾರಿಸ್ಸಿನಲ್ಲಿ ಬಾಡಿಗೆಗೆ ಓಡಿದ ಬೊಲೊರೆ ಕಂಪನಿಯ ಬ್ಲೂಕಾರ್‌ಗಳಲ್ಲಿ ಇದ್ದದ್ದು ಅದೇ, ದ್ರಾವಣದ ಬದಲು ಘನ ಪಾಲಿಮರ್. ಆ ಪಾಲಿಮರ್ ಕೆಲಸ ಮಾಡಲು ಬ್ಯಾಟರಿಯನ್ನು ಸದಾ ಬೆಚ್ಚಗೆ ಇಡಬೇಕಿತ್ತು. ನಿಂತ ಕಾರೂ ವಿದ್ಯುತ್ ತಿನ್ನುತ್ತಿತ್ತು. ಅದೇ ಕಂಪನಿಯ ಎರಡು ಬಸ್ಸುಗಳಿಗೆ 2022ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಬೆಂಕಿ ಹತ್ತಿ, 149 ಬಸ್ಸುಗಳನ್ನು ರಸ್ತೆಯಿಂದ ತೆಗೆದರು. ಅಮೆರಿಕದ ಇಂಧನ ಇಲಾಖೆ ಕಿಲೋಗೆ 500 ವಾಟ್-ಗಂಟೆಯ ಗುರಿಯಿಟ್ಟು 2016ರಲ್ಲಿ ಘೋಷಿಸಿದ ಬ್ಯಾಟರಿ500 ಕೂಟದ ಕೆಲಸವೂ ಲೋಹವನ್ನು ವಾಪಸು ತರುವುದೇ, ವಿಟಿಂಗ್‌ಹ್ಯಾಮ್ ಅದರಲ್ಲಿದ್ದಾರೆ. ಈ ಪ್ರಯತ್ನ ವ್ಯರ್ಥವೆಂದು ನನ್ನ ವಾದವಲ್ಲ. ನಾಳೆ ಅದು ಗೆದ್ದರೂ ಗೆಲ್ಲಬಹುದು. ಗೆದ್ದರೆ ಕುಡಿ ಚಾಚದಂತೆ ಲೋಹವನ್ನು ಕಟ್ಟಿಹಾಕಲು ಯಾವ ತೂಕ, ಯಾವ ವೇಗ, ಎಷ್ಟು ಹಣ ತೆತ್ತರು ಎಂಬುದೇ ಅದರ ನಿಜವಾದ ಚರಿತ್ರೆಯಾಗುತ್ತದೆ.

ನಮ್ಮ ಸರ್ಕಾರ 2021ರಲ್ಲಿ 18,100 ಕೋಟಿ ರೂಪಾಯಿಯ ಸುಧಾರಿತ ಬ್ಯಾಟರಿ ಯೋಜನೆ ಪ್ರಕಟಿಸಿದಾಗ ಶಕ್ತಿ ಸಾಂದ್ರತೆ ಮತ್ತು ಚಾರ್ಜ್ ಬಾಳಿಕೆ ಹೆಚ್ಚಿದಷ್ಟೂ ನೆರವು ಹೆಚ್ಚು ಎಂಬ ಅಳತೆಗೋಲು ಇಟ್ಟಿತು. ಬಾಳಿಕೆಯನ್ನು ಸೇರಿಸಿದ್ದು ವಿವೇಕ. ಬೆಂಕಿ ತಡೆಯುವ ಗುಣ ಆ ಕೋಲಿನಲ್ಲಿ ಇಲ್ಲ. 2022ರ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಸಾಲಾಗಿ ಹೊತ್ತಿಕೊಂಡ ಮೇಲೆ ಅದು ಬೇರೆ ನಿಯಮವಾಗಿ, ದಂಡದ ಭಾಷೆಯಲ್ಲಿ ಬಂತು. ಹಣ ಕೊಡುವ ಕೈಯೂ ನಿಯಮ ಹಾಕುವ ಕೈಯೂ ಒಂದೇ ಅಳತೆ ಬಳಸಲಿ, ಸುರಕ್ಷತೆಗೂ ನೆರವಿನಲ್ಲಿ ಅಂಕ ಸಿಗಲಿ. ಒಂದು ಕಾಲಕ್ಕೆ ಕಡಿಮೆ ಶಕ್ತಿಯದೆಂದು ಮೂಲೆಗೆ ಸರಿಸಿದ ಕಬ್ಬಿಣದ ಫಾಸ್ಫೇಟ್, 2024ರಲ್ಲಿ ಜಗತ್ತಿನ ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಯಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಪಡೆದಿತ್ತು.